ಉಗ್ರಪ್ಪನವರ ಖುಷ್ಕಿ ವೈನು

ಹಿರಿಯೂರು ತಾಲ್ಲೂಕು ಜವನಗೊಂಡನಹಳ್ಳಿ ಹೋಬಳಿಯ ರೆವಿನ್ಯೂ ಇನ್ಸ್‌ಪೆಕ್ಟರ್ ಉಗ್ರಪ್ಪನವರಲ್ಲಿ ಉಗ್ರವಾದದ್ದು ಹೆಸರೊಂದೇ. ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ಒಬ್ಬ ತಳವಾರನನ್ನೂ ಗದರಿಸಿದವರಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಮಾತಿಲ್ಲದೆ ಮಜ್ಜಿಗೆ ಸುರಿದುಕೊಂಡು ಉಂಡು ಏಳುವವರು. ಆದರೆ ವೈನಿನ ವಿಷಯ ಬಂತೆಂದರೆ ಅವರೆದುರು ಇನ್ನೊಬ್ಬರು ಬಾಯಿ ಬಿಡುವ ಹಾಗಿರಲಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ವೈನು ಬಲ್ಲವನು ತಾನೊಬ್ಬನೇ ಎಂದು ಅವರು ನಂಬಿದ್ದರು. ಅದು ಪೂರಾ ಸುಳ್ಳೇನೂ ಅಲ್ಲ. ಬಲ್ಲೆ ಎಂದು ಹೇಳಿಕೊಳ್ಳುವುದಕ್ಕೆ ಇನ್ನೊಬ್ಬ ಗಂಡಸು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ.

ಊರಿನ ಜನಕ್ಕೆ ಈಚಲು ಹೆಂಡ ಗೊತ್ತು, ಸಾರಾಯಿ ಗೊತ್ತು, ಕೈಯಲ್ಲಿ ನಾಲ್ಕು ಕಾಸು ಆಡುವವರಿಗೆ ಬ್ರಾಂದಿಯೂ ಗೊತ್ತು. ವೈನು ಎಂದರೆ ಬಾಣಂತಿಯರಿಗೆ ಮೈ ಹತ್ತಲೆಂದು ಡಾಕ್ಟರು ಬರೆದುಕೊಡುವ ಟಾನಿಕ್ಕು ಎಂದೇ ಅವರೆಲ್ಲ ತಿಳಿದಿದ್ದರು. ಉಗ್ರಪ್ಪನವರು ತಮ್ಮ ಅಭ್ಯಾಸ ಹೇಳಿಕೊಂಡಾಗ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು, ಹೆರಿಗೆ ಯಾವಾಗ ಆಯಿತು ಸ್ವಾಮಿ ಎಂದು ಕೇಳಿದ್ದುಂಟು. ಇಂಥ ಅಜ್ಞಾನಿಗಳ ನಡುವೆ ಬಾಳುವುದೇ ತಮ್ಮ ಹಣೆಬರಹ ಎಂದು ಉಗ್ರಪ್ಪನವರು ಒಳಗೊಳಗೇ ಸುಖಪಡುತ್ತಿದ್ದರು.

ಚಟ ಹತ್ತಿದ್ದು ಅರವತ್ತೈದನೆಯ ಇಸವಿಯಲ್ಲಿ, ಬೆಂಗಳೂರಿನಲ್ಲಿ. ಸರ್ವೆ ತರಬೇತಿಗೆ ಹೋಗಿದ್ದಾಗ ಅವರು ಬಾಡಿಗೆಗಿದ್ದ ಮನೆಯ ಯಜಮಾನಿ ಕ್ರಿಶ್ಚಿಯನ್ ಮುದುಕಿ. ಕ್ರಿಸ್‌ಮಸ್ಸಿಗೆ ಆಕೆ ನೀಲಿ ದ್ರಾಕ್ಷಿಯಲ್ಲಿ ಇಳಿಸಿದ್ದ ವೈನನ್ನು ಹೆಬ್ಬೆರಳುದ್ದದ ಗಾಜಿನ ಲೋಟದಲ್ಲಿ ಕೊಟ್ಟು, ಗಟಗಟ ಕುಡಿಯಬೇಡ ಮಗನೇ, ಬಾಯಲ್ಲಿಟ್ಟುಕೊಂಡು ಯೋಚಿಸು ಎಂದಳಂತೆ. ಅಲ್ಲಿಯವರೆಗೆ ಉಗ್ರಪ್ಪನವರಿಗೆ ಯಾರೂ ಯೋಚಿಸು ಎಂದು ಹೇಳಿರಲಿಲ್ಲ. ಇಲಾಖೆಯಲ್ಲಿ ಅದರ ಅಗತ್ಯವೂ ಬಿದ್ದಿರಲಿಲ್ಲ. ಯೋಚಿಸಿದರು. ಯೋಚಿಸಿದ್ದನ್ನು ಬರೆದಿಡಬೇಕು ಅನ್ನಿಸಿತು. ಬರೆಯುವುದಕ್ಕೆ ಅವರಿಗೆ ಗೊತ್ತಿದ್ದ ನಮೂನೆ ಒಂದೇ, ಜಮೀನಿನ ಪಹಣಿ.

ಹೀಗೆ ಅವರ ವೈನು ಪುಸ್ತಕ ಪಹಣಿಯ ಕಾಲಂಗಳಲ್ಲೇ ಬೆಳೆಯಿತು. ಕ್ರಮ ಸಂಖ್ಯೆ, ಮಣ್ಣಿನ ನಮೂನೆ, ನೀರಿನ ಮೂಲ. ಜಮೀನು ಯಾರ ಹೆಸರಲ್ಲಿದೆಯೋ ಆ ಖಾತೆದಾರ. ನಿಜವಾಗಿ ಯಾರ ಕೈಯಲ್ಲಿದೆಯೋ, ಯಾರು ಉತ್ತು ಉಣ್ಣುತ್ತಾರೋ ಆ ಅನುಭವದಾರ. ಕೊನೆಗೆ ಷರಾ. ಬಾಟಲಿ ತನ್ನದು, ಕುಡಿಯುವವನೂ ತಾನೇ ಆದ್ದರಿಂದ ಉಗ್ರಪ್ಪನವರು ಖಾತೆದಾರನ ಕಾಲಂನಲ್ಲೂ ಅನುಭವದಾರನ ಕಾಲಂನಲ್ಲೂ 'ಉಗ್ರಪ್ಪ ಬಿನ್ ರಂಗಯ್ಯ' ಎಂದು ಮಸಿಯಲ್ಲಿ ಬರೆದು, ಷರಾದಲ್ಲಿ ರುಚಿಯನ್ನು ದಾಖಲಿಸುತ್ತಿದ್ದರು.

ಆ ಷರಾಗಳಲ್ಲಿ ಕೆಲವು ಚೆನ್ನಾಗಿಯೇ ಇದ್ದವು. ಬಿ.ದುರ್ಗದಲ್ಲಿ ಆಸ್ಪತ್ರೆಯ ಕಾಂಪೌಂಡರೊಬ್ಬರು ಮಾಡಿದ ನೇರಳೆ ಹಣ್ಣಿನ ವೈನಿಗೆ, 'ಮೊದಲ ಗುಟುಕು ಪಾನಕ, ಎರಡನೆಯದು ಮಸಿಕುಡಿಕೆ, ನಾಲಿಗೆ ಎರಡು ದಿನ ನೀಲಿ' ಎಂದಿತ್ತು. ಹೆದ್ದಾರಿಯ ಲಾರಿ ಡ್ರೈವರೊಬ್ಬ ತಂದುಕೊಟ್ಟ ಗೋವಾದ ಪೋರ್ಟಿಗೆ, 'ಬೆಲ್ಲದ ಪಾಕ ತಳ ಹಿಡಿದಂತೆ, ಹಿಂದಿನಿಂದ ಒಣದ್ರಾಕ್ಷಿ; ಡೀಸೆಲ್ ವಾಸನೆ ಬಾಟಲಿಯದು, ವೈನಿನದಲ್ಲ.' ಹೊಸದುರ್ಗದಿಂದ ದಾಳಿಂಬೆ ತರಿಸಿ ಸ್ವತಃ ಇಳಿಸಿದ್ದಕ್ಕೆ ಮಾತ್ರ ಷರಾ ಮೊಟಕು: 'ರುಚಿ ನೋಡಲು ಅವಕಾಶವಾಗಲಿಲ್ಲ.' ಜಾಡಿ ಒಂದು ಮಧ್ಯಾಹ್ನ ತಾನಾಗಿ ಸಿಡಿದು ನಡುಮನೆಯ ಸೂರಿಗೆ ಬಿದ್ದ ಕಲೆಯನ್ನು ಅವರ ಹೆಂಡತಿ ಪಾರ್ವತಮ್ಮ ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದರು.

ಇಪ್ಪತ್ಮೂರನೆಯ ನಮೂದಿನಿಂದ ಉಗ್ರಪ್ಪನವರು ಶಾಸ್ತ್ರಜ್ಞರೇ ಆಗಿಬಿಟ್ಟರು. ಪಾರ್ವತಮ್ಮನ ತಮ್ಮ ಮಿಲಿಟರಿಯಿಂದ ರಜೆಗೆ ಬಂದಾಗ ಇಟಲಿ ದೇಶದ ಒಂದು ಬಾಟಲಿ ತಂದಿದ್ದ. ಅದರ ಚೀಟಿಯ ಮೇಲೆ 'ಡ್ರೈ' ಎಂದು ಅಚ್ಚಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ತಬ್ಬಿಬ್ಬಾಗುತ್ತಿದ್ದರು. ಉಗ್ರಪ್ಪನವರಿಗೆ ಅದು ಅನ್ನ ಕೊಟ್ಟ ಪದ. ರೆವಿನ್ಯೂ ಭಾಷೆಯಲ್ಲಿ ನೀರಾವರಿ ಗದ್ದೆ 'ವೆಟ್', ಅಂದರೆ ತರಿ; ಮಳೆಯನ್ನೇ ನಂಬಿದ ಹೊಲ 'ಡ್ರೈ', ಅಂದರೆ ಖುಷ್ಕಿ. ಆದ್ದರಿಂದ ಡ್ರೈ ವೈನು ಎಂದರೆ ಖುಷ್ಕಿ ಜಮೀನಿನ ದ್ರಾಕ್ಷಿಯದು. ಸಿಹಿ ವೈನು ತರಿ ಜಮೀನಿನದು. ಸೆಮಿ ಡ್ರೈ ಎಂದರೆ ಮಳೆ ಅರ್ಧಕ್ಕೆ ಕೈಕೊಟ್ಟ ವರ್ಷದ್ದು. ಎಷ್ಟು ಸಲೀಸು! ಈ ಸಿದ್ಧಾಂತವನ್ನು ಅವರು ನಾಲ್ಕು ತಾಲ್ಲೂಕಿನಲ್ಲೂ ಬೋಧಿಸಿದರು. ಎಲ್ಲರೂ ತಲೆದೂಗಿದರು. ರೆವಿನ್ಯೂ ಇನ್ಸ್‌ಪೆಕ್ಟರ್ ಹೇಳಿದ್ದಕ್ಕೆ ತಲೆದೂಗದೆ ಇರುವುದು ಹೊಲ ಇದ್ದವರಿಗೆ ಕಷ್ಟ.

ಎಪ್ಪತ್ತೈದನೆಯ ಇಸವಿ ಮಾರ್ಚಿಯಲ್ಲಿ ಅವರ ಬಾಳಿಗೆ ಒಂದು ಫ್ರೆಂಚ್ ಬಾಟಲಿ ಅಡ್ಡ ಬಂತು.

ದುರ್ಗದ ಸುತ್ತಿನ ಗುಡ್ಡಗಳಲ್ಲಿ ತಾಮ್ರ ಹುಡುಕುವುದಕ್ಕೆ ಫ್ರಾನ್ಸಿನಿಂದ ಒಬ್ಬ ಸಾಹೇಬ ಬಂದಿದ್ದ. ಅವನ ಜೊತೆ ದುಭಾಷಿಯಾಗಿ ತಿರುಗುತ್ತಿದ್ದವರು ಹೊಳಲ್ಕೆರೆಯ ಓವರ್‌ಸಿಯರ್ ಮೂರ್ತಪ್ಪ. ಉಗ್ರಪ್ಪನವರ ಗೆಳೆಯರು, ಖುಷ್ಕಿ ಸಿದ್ಧಾಂತಕ್ಕೆ ಮೊದಲು ತಲೆದೂಗಿದವರು. ಒಂದು ದಿನ ಮೂರ್ತಪ್ಪ ಸುದ್ದಿ ತಂದರು. ಸಾಹೇಬನ ತಂದೆಗೆ ಊರಲ್ಲಿ ದ್ರಾಕ್ಷಿ ತೋಟವಿದೆಯಂತೆ. ಆ ತೋಟದ್ದೇ ಎರಡು ಬಾಟಲಿ ಅವನ ಹತ್ತಿರ ಉಳಿದಿವೆ. ಬರುವ ಭಾನುವಾರ ಅವನು ಊರಿಗೆ ಹೊರಡುತ್ತಾನೆ. ಹೊರಡುವ ಮುಂಚೆ ಹಿರಿಯೂರಿನ ಬಂಗಲೆಯಲ್ಲಿ ಒಂದನ್ನು ಒಡೆದು, ರುಚಿ ಬಲ್ಲವರು ಯಾರಿದ್ದಾರೋ ಅವರಿಗೆ ಇನ್ನೊಂದನ್ನು ಕೊಟ್ಟು ಹೋಗುತ್ತಾನಂತೆ. ಮೂರ್ತಪ್ಪ ಉಗ್ರಪ್ಪನವರ ಹೆಸರು ಹೇಳಿದ್ದಾರೆ.

ಉಗ್ರಪ್ಪನವರು ಅವತ್ತು ಸಂಜೆಯೇ ಗೋಡೆ ಬೀರುವಿನ ಮೇಲಿನ ಅಂಕಣ ಖಾಲಿ ಮಾಡಿ, ಹಳೆಯ ಪೇಪರು ಹಾಸಿದರು. ಆ ಜಾಗದಲ್ಲಿದ್ದ ಉಪ್ಪಿನಕಾಯಿ ಜಾಡಿ ನೆಲಕ್ಕಿಳಿಯಿತು. ಪಾರ್ವತಮ್ಮ ಕೇಳಿದರು: "ಅಲ್ರೀ, ಬಾಟ್ಲಿ ಬಂದ ಮೇಲೆ ಆರತಿ ಎತ್ತಬೇಕೋ, ಇಲ್ಲ ಬಾಗಿಲಾಗೆ ಸೇರು ಒದ್ದು ಒಳಕ್ಕೆ ಬರ್ತೈತೋ?"

ಭಾನುವಾರ ಹತ್ತು ಗಂಟೆಗೆ ಉಗ್ರಪ್ಪನವರು ಇಸ್ತ್ರಿ ಅಂಗಿ ಹಾಕಿಕೊಂಡು, ವೈನು ಪುಸ್ತಕ ಕಂಕುಳಲ್ಲಿಟ್ಟು ಬಂಗಲೆಗೆ ಹೋದರು. ಸಾಹೇಬ, ಮೂರ್ತಪ್ಪ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡಿದ್ದರು. ಮೆಟ್ಟಿಲ ಮೇಲೆ ಇನ್ನೊಬ್ಬ ಕುಳಿತಿದ್ದ, ಹೆಗಲಿಗೆ ಕಂಬಳಿ, ಪಕ್ಕದಲ್ಲಿ ಕೋಲು. ಜವನಗೊಂಡನಹಳ್ಳಿ ಪಕ್ಕದ ಗೊಲ್ಲರ ಹಟ್ಟಿಯ ಕಾಟಯ್ಯ, ಕುರಿ ಕಾಯುವವನು. ಗುಡ್ಡದ ದಾರಿ ತೋರಿಸುವುದಕ್ಕೆ ಎರಡು ತಿಂಗಳು ಸಾಹೇಬನ ಜೊತೆ ತಿರುಗಿದ್ದವನು ಬೀಳ್ಕೊಡುಗೆಗೆ ಒಂದು ಕಂಬಳಿ ತಂದಿದ್ದ. ಉಗ್ರಪ್ಪನವರು ಅವನನ್ನು ನೋಡಿದರು, ಆದರೆ ಲೆಕ್ಕಕ್ಕೆ ಹಿಡಿಯಲಿಲ್ಲ.

ಸಾಹೇಬ ಬಿರಡೆ ತೆಗೆದು ಕೆಂಪು ವೈನು ಬಗ್ಗಿಸಿದ. ಉಗ್ರಪ್ಪನವರು ಲೋಟವನ್ನು ಬಿಸಿಲಿಗೆ ಹಿಡಿದರು, ಮೂಸಿದರು, ಬಾಯಿಗೆ ಬಿಟ್ಟುಕೊಂಡು ಮುದುಕಿ ಹೇಳಿಕೊಟ್ಟಂತೆ ಯೋಚಿಸಿದರು. ಸಿಹಿ ಇರಲಿಲ್ಲ. ಅವರಿಗೆ ಬಂದ ಯೋಚನೆ ನಿಜ ಹೇಳಬೇಕೆಂದರೆ, ಇದಕ್ಕಿಂತ ಗೋವಾದ್ದೇ ವಾಸಿ ಎಂಬುದು. ಅದನ್ನು ನುಂಗಿಕೊಂಡು, ವೈನನ್ನೂ ನುಂಗಿ, ಇಂಗ್ಲಿಷಿನಲ್ಲಿ ಘೋಷಿಸಿದರು: "ಡ್ರೈ. ಡ್ರೈ ಲ್ಯಾಂಡ್." ಆಮೇಲೆ ಪುಸ್ತಕ ಬಿಚ್ಚಿ ತರಿ, ಖುಷ್ಕಿ, ಮಳೆ ಅರ್ಧಕ್ಕೆ ನಿಂತ ವರ್ಷ ಎಲ್ಲವನ್ನೂ ಮೂರ್ತಪ್ಪನವರ ಮೂಲಕ ಸಾಂಗವಾಗಿ ವಿವರಿಸಿದರು.

ಸಾಹೇಬ ಮರ್ಯಾದಸ್ಥ. ಕೊನೆಯವರೆಗೆ ಕೇಳಿ, ಮೆಲ್ಲಗೆ ಏನೋ ಹೇಳಿದ. ಮೂರ್ತಪ್ಪ ಅದನ್ನು ಅನುವಾದಿಸುವ ಮುಂಚೆಯೇ ನಗತೊಡಗಿದರು.

"ಉಗ್ರಪ್ಪ, ಡ್ರೈ ಅಂದ್ರೆ ಸಿಹಿ ಇಲ್ಲದ್ದು ಅಂತಪ್ಪ. ಅಷ್ಟೇಯ. ಹೊಲಕ್ಕೂ ಅದಕ್ಕೂ ಸಂಬಂಧಾನೇ ಇಲ್ವಂತೆ. ನಾನೂ ಇಷ್ಟು ವರ್ಷ ತಲೆ ಆಡಿಸ್ಕೊಂಡು ಬಂದೆ ನೋಡು."

ಉಗ್ರಪ್ಪನವರಿಗೆ ಕಾಲ ಕೆಳಗಿನ ಜಮೀನು, ತರಿಯೋ ಖುಷ್ಕಿಯೋ, ಅಂತೂ ಅಲುಗಾಡಿತು. ಅಷ್ಟರಲ್ಲಿ ಸಾಹೇಬ ಒಂದು ಲೋಟ ತುಂಬಿ ಮೆಟ್ಟಿಲ ಕಡೆ ಚಾಚಿದ. ಕಾಟಯ್ಯ ಕೈಮುಗಿದ. ತಮ್ಮ ಹಟ್ಟಿಯವರು ಇಂಥದ್ದು ಕುಡಿಯುವಂತಿಲ್ಲ, ದೇವರ ಕಟ್ಟು ಇದೆ ಎಂದ. ಸಾಹೇಬ ನುಂಗಬೇಡ ಎಂದು ಸನ್ನೆ ಮಾಡಿದ. ಗುಡ್ಡದಲ್ಲಿ ನೀರು ನೋಡುತ್ತಿದ್ದೆಯಲ್ಲ, ಹಾಗೆ ನೋಡು ಎಂದು ಮೂರ್ತಪ್ಪನವರಿಂದ ಹೇಳಿಸಿದ.

ಹೊಸ ಹೊಂಡ, ಹೊಸ ಹಳ್ಳ ಸಿಕ್ಕಿದರೆ ಕುರಿ ಬಿಡುವ ಮುಂಚೆ ಕುರುಬನಾಗಲಿ ಗೊಲ್ಲನಾಗಲಿ ತಾನು ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಉಗಿದು ನೋಡುತ್ತಾನೆ. ಕಾಟಯ್ಯ ಹೀಗೆ ಉಗಿದುಗಿದೇ ಸಾಹೇಬನಿಗೆ ಎರಡು ಕಡೆ ತಾಮ್ರದ ಸೆಲೆ ತೋರಿಸಿದ್ದ. ಈಗ ಅವನು ವೈನನ್ನು ಬಾಯಿಗೆ ಸುರಿದುಕೊಂಡು, ಆ ಕೆನ್ನೆಯಿಂದ ಈ ಕೆನ್ನೆಗೆ ಆಡಿಸಿ, ಬಂಗಲೆಯ ನಂದಿಬಟ್ಟಲ ಗಿಡದ ಬುಡಕ್ಕೆ ಪಿಚಕ್ಕನೆ ಉಗಿದ. ಕೆಟ್ಟಿತು, ಸಾಹೇಬನ ತಂದೆಯ ವೈನನ್ನು ಉಗಿದುಬಿಟ್ಟನಲ್ಲ ಎಂದು ಉಗ್ರಪ್ಪನವರಿಗೆ ಗಾಬರಿ ಆಯಿತು. ಗಾಬರಿಯ ಜೊತೆಗೆ ಒಂಚೂರು ಸಂತೋಷವೂ ಆಯಿತು. ಆದರೆ ಸಾಹೇಬನ ಮುಖ ಅರಳಿತ್ತು. ಅವನ ತಂದೆಯೂ ಹೀಗೇ ಉಗಿಯುತ್ತಾನಂತೆ. ಅವರ ಕಡೆ ರುಚಿ ನೋಡುವ ದೊಡ್ಡವರೆಲ್ಲ ಉಗಿಯುವವರೇ ಅಂತೆ. ನುಂಗಿದವನಿಗೆ ಎರಡನೆಯ ಲೋಟಕ್ಕೆ ನಾಲಿಗೆ ಸತ್ತು ಹೋಗುತ್ತದಂತೆ. ಉಗ್ರಪ್ಪನವರು ಒಂಬತ್ತು ವರ್ಷದಿಂದ ಒಂದು ಹನಿಯನ್ನೂ ಉಗಿದವರಲ್ಲ.

"ಗುಡ್ಡದಾಗಿನ ಕವಳೆ ಹಣ್ಣು ಅರೆಗಾಯಿ ಇದ್ದಾಗ ತಿಂದಂಗೈತೆ, ಹುಳಿ," ಎಂದ ಕಾಟಯ್ಯ. "ಆಮೇಲೆ ಒಗರು, ಬಾಯಿ ಒಣಗ್ತೈತೆ. ಇದು ಕಾಲುವೆ ನೀರು ಕುಡ್ದ ಗಿಡ ಅಲ್ಲ ಬಿಡ್ರಿ. ಮಳೆ ನೀರಿನ ಗಿಡ. ಕಲ್ಲು ಸಂದೀಗೆ ಬೇರು ಇಳಿಸೈತೆ, ಪಾಪ, ಹುಡುಕ್ಕೊಂಡು ಹೋಗೈತೆ."

ಮೂರ್ತಪ್ಪ ಇದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಸಾಹೇಬ ಕುರ್ಚಿಯಿಂದ ಎದ್ದೇಬಿಟ್ಟ. ಅವನ ತಂದೆಯ ತೋಟ ಬರೀ ಕಲ್ಲಿನ ಇಳಿಜಾರು. ಅಜ್ಜನ ಕಾಲದಿಂದ ಅದಕ್ಕೆ ಮನುಷ್ಯರು ನೀರು ಹಾಯಿಸಿದ್ದೇ ಇಲ್ಲ.

"ನಾನು ಹೇಳಿದ್ದೂ ಅದೇ ಅಲ್ವೇನಪ್ಪ," ಎಂದರು ಉಗ್ರಪ್ಪನವರು. "ಮಳೆ ನೀರು ಅಂದ್ರೇನು? ಖುಷ್ಕಿ. ಮೂರ್ತಪ್ಪ, ಅವರಿಗೆ ಹೇಳು, ಖುಷ್ಕಿ ಅಂತ ಮೊದಲು ಹೇಳಿದೋನು ನಾನು."

ಮೂರ್ತಪ್ಪ ಹೇಳಲಿಲ್ಲ. ಉಗ್ರಪ್ಪನವರು ಮೂರು ಸಲ ಹೇಳಿದರು. ಮೂರು ಸಲವೂ ಮಾತು ಕನ್ನಡದಲ್ಲೇ ಉಳಿಯಿತು. ಸಾಹೇಬ ಒಳಗಿನಿಂದ ಎರಡನೆಯ ಬಾಟಲಿ ತಂದು, ಎರಡೂ ಕೈಯಲ್ಲಿ ಹಿಡಿದು, ಕುಡಿಯದ ಕಾಟಯ್ಯನ ಕಂಬಳಿಯ ಮಡಿಲಿಗಿಟ್ಟ. ಉಗ್ರಪ್ಪನವರು ಜಮಾಬಂದಿಯ ಕೆಲಸ ನೆನಪಾಯಿತೆಂದು ಹೇಳಿ ಮೆಟ್ಟಿಲಿಳಿದರು. ಹಿಂದಿನಿಂದ ಕಾಟಯ್ಯ ಸ್ವಾಮಿ, ಸ್ವಾಮಿ ಎಂದು ಕೂಗುತ್ತಿದ್ದುದು ಕೇಳಿಸಿತು. ಅಣಕಿಸುತ್ತಿದ್ದಾನೆ ಎಂದುಕೊಂಡು ಇನ್ನೂ ಜೋರಾಗಿ ನಡೆದರು.

ಹೊಟ್ಟೆಕಿಚ್ಚು ಎಂಬುದು ಅವರಿಗೆ ಅಲ್ಲಿಯವರೆಗೆ ಪರಿಚಯವಿಲ್ಲದ ಪದಾರ್ಥ. ತಹಶೀಲ್ದಾರರ ಜೀಪು ನೋಡಿ ಆಗಿದ್ದಿಲ್ಲ, ಷಡ್ಡಕನ ತಾರಸಿ ಮನೆ ನೋಡಿ ಆಗಿದ್ದಿಲ್ಲ. ಈಗ ಓದು ಬಾರದ ಒಬ್ಬ ಕುರಿ ಕಾಯುವವನ ನಾಲಿಗೆಯ ಮೇಲೆ ಹುಟ್ಟಿಕೊಂಡಿತು. ಬೀರುವಿನ ಖಾಲಿ ಅಂಕಣ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ದಿನ ಕಚೇರಿಯಲ್ಲಿ ಆ ಹಟ್ಟಿಯ ಗೋಮಾಳದ ಕಡತದ ಕಟ್ಟು ಬಿಚ್ಚಿ, ಕಾಟಯ್ಯನ ಕುರಿಗಳು ಎಲ್ಲಾದರೂ ತಪ್ಪು ಹುಲ್ಲು ಮೇಯುತ್ತಿವೆಯೋ ಎಂದು ಅರ್ಧ ಗಂಟೆ ಓದಿದರು. ಆಮೇಲೆ ತಮ್ಮ ಬಗ್ಗೆ ತಮಗೇ ಹೇಸಿಗೆಯಾಗಿ ಕಟ್ಟಿಟ್ಟರು.

ಇನ್ನು ಉಳಿದದ್ದು ಅಭ್ಯಾಸ. ಬೆಳಿಗ್ಗೆ ಬಚ್ಚಲಲ್ಲಿ ನಿಂತು ಬಾವಿ ನೀರು, ನಲ್ಲಿ ನೀರು, ಕಾಲುವೆ ನೀರು ಮೂರನ್ನೂ ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗಿಯತೊಡಗಿದರು. ನಾಲ್ಕನೆಯ ದಿನ ಪಾರ್ವತಮ್ಮ ತಾವೇ ಮೂರು ಲೋಟ ತಂದಿಟ್ಟು, ಯಾವುದು ಯಾವುದು ಹೇಳಿರಿ ನೋಡೋಣ ಎಂದರು. ಉಗ್ರಪ್ಪನವರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ ಹೇಳಿದರು: ಇದು ಬಾವಿ, ಇದು ಕಾಲುವೆ, ಇದು ನಲ್ಲಿ.

"ಮೂರೂ ಒಂದೇ ಕೊಡದ್ದು ಕಣ್ರೀ," ಎಂದು ಪಾರ್ವತಮ್ಮ ಲೋಟ ಎತ್ತಿಕೊಂಡು ಹೋದರು. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಇಪ್ಪತ್ತನೆಯ ದಿನಕ್ಕೆ ಉಗ್ರಪ್ಪನವರು ತಡೆಯಲಾರದೆ ಸೈಕಲ್ ಹತ್ತಿ ಹಟ್ಟಿಗೆ ಹೊರಟರು. ಬಾಟಲಿ ಕೇಳುವುದಿಲ್ಲ, ಸುಮ್ಮನೆ ಏನಾಗಿದೆ ನೋಡುವುದು ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು. ಹಟ್ಟಿಯ ಮುಳ್ಳುಬೇಲಿಯ ಹೊರಗೆ, ಕುರಿ ರೊಪ್ಪದ ಪಕ್ಕದ ಜಾಲಿ ಮರದ ಕೆಳಗೆ ಕಾಟಯ್ಯ ನೂಲುತ್ತ ಕುಳಿತಿದ್ದ. ಏನು ಬಂದಿರಿ ಸ್ವಾಮಿ ಎಂದದ್ದಕ್ಕೆ ಉಗ್ರಪ್ಪನವರು ಬೆಳೆ ಪರಿಶೀಲನೆ ಎಂದುಬಿಟ್ಟರು. ಕಾಟಯ್ಯ ಸುತ್ತ ಬಟಾಬಯಲು ನೋಡಿದ.

"ಈಗ ಬೆಳೆ ಎಲ್ಲೈತೆ ಸ್ವಾಮಿ? ಕುಂತ್ಕಳ್ರಿ, ಮಜ್ಜಿಗೆ ಕುಡೀರಿ."

ಅವನೇ ಮುಂದುವರಿದು ಹೇಳಿದ್ದು ಇಷ್ಟು: ಆವತ್ತು ಸಾಹೇಬ ಕೊಟ್ಟ ಬಾಟಲಿಯನ್ನು ಅಲ್ಲೇ ನಿಮ್ಮ ಕೈಗೆ ಹಾಕೋಣ ಅಂತ ಕೂಗಿದೆ, ನೀವು ತಿರುಗಿಯೂ ನೋಡದೆ ಹೋದಿರಿ. ನಮ್ಮ ಹಟ್ಟಿಯೊಳಗೆ ಇದನ್ನು ತರುವಂತಿಲ್ಲ. ಬಿಸಾಕೋಣವೆಂದರೆ ನಮ್ಮ ತಾಯಿ ಓಬವ್ವ, ದೂರದವರು ಪ್ರೀತಿಯಿಂದ ಕೊಟ್ಟದ್ದು, ಆರ್.ಐ. ಸ್ವಾಮಿಗೆ ಮುಟ್ಟಿಸಪ್ಪ ಅಂದಳು. ಪೇಟೆ ಕಡೆ ಬರೋಕೆ ಆಗಲಿಲ್ಲ, ಮರಿ ಈಯುವ ಕಾಲ. ಹೀಗೆ ಹೇಳುತ್ತ ಕಾಟಯ್ಯ ತಲೆಯ ಮೇಲೆ ಕೈ ತೋರಿಸಿದ. ಜಾಲಿಯ ಕೊಂಬೆಗೆ ಹಗ್ಗದಲ್ಲಿ ನೇತುಹಾಕಿದ ಬಾಟಲಿ ಮಾರ್ಚಿಯ ಬಿಸಿಲಿನಲ್ಲಿ ಮಿರಮಿರ ಮಿಂಚುತ್ತಿತ್ತು.

ಉಗ್ರಪ್ಪನವರ ಕೈಗೆ ಬಾಟಲಿ ಬಂತು, ಬಿಸಿನೀರಿನ ಚೊಂಬಿನ ಹಾಗೆ. ಸುಮ್ಮನೆ ಮನೆಗೆ ಒಯ್ಯಬಹುದಿತ್ತು. ಆದರೆ ಇವನ ಎದುರಿಗೇ, ಇವನಿಗಿಂತ ಮುಂಚೆ ಹೇಳಿ ತೋರಿಸಬೇಕು ಎಂಬ ಹಟ ಹುಟ್ಟಿತು. ಬಿರಡೆ ತೆಗೆಯುವ ತಿರುಪು ಇರಲಿಲ್ಲ. ಜೇಬಿನ ಪೆನ್ಸಿಲ್ ತೆಗೆದು ಅದರ ಹಿಂಬದಿಯಿಂದ ಒತ್ತಿ ಬಿರಡೆಯನ್ನು ಒಳಕ್ಕೇ ತಳ್ಳಿದರು. ಒಂದು ಬಾಯಿ ಸುರಿದುಕೊಂಡು, ಮುಕ್ಕಳಿಸಿ, ಹಳೆಯ ಅಭ್ಯಾಸಕ್ಕೆ ನುಂಗಿಬಿಟ್ಟು ಹೇಳಿದರು.

"ಕವಳೆ ಹಣ್ಣು. ಒಗರು. ಮಳೆ ನೀರು, ಕಲ್ಲು. ಏನೂ ಬದಲಾಗಿಲ್ಲ."

ಕಾಟಯ್ಯ ಬಾಟಲಿ ಇಸಕೊಂಡು ಅಂಗೈಗೆ ಬಗ್ಗಿಸಿ, ಬಾಯಾಡಿಸಿ, ಬೇಲಿಯಾಚೆ ಉಗಿದ. ಆಮೇಲೆ ಕದಿರು ಕೈಗೆತ್ತಿಕೊಂಡ. ಉಗ್ರಪ್ಪನವರು ಕಾದರು. ಕೊನೆಗೆ, ಹೇಳಪ್ಪ ಎಂದರು.

"ನೀವು ಹೇಳಿದ ಮೇಲೆ ನಂದೇನೈತೆ ಸ್ವಾಮಿ."

"ಪರವಾಗಿಲ್ಲ, ಹೇಳು."

"ಇದು ಸತ್ತೈತೆ ಸ್ವಾಮಿ. ತಪ್ಪು ನಂದೇ, ಬಿಸ್ಲಿಗೆ ಕಟ್ಟಬಾರದಿತ್ತು. ಹುಣ್ಸೆಹಣ್ಣು ಕಿವುಚಿದ ನೀರು ಎಲ್ಡು ದಿನ ಮುಚ್ಚಿಟ್ಟಂಗೈತೆ."

ಉಗ್ರಪ್ಪನವರು ಇನ್ನೊಂದು ಬಾಯಿ ಹಾಕಿಕೊಂಡರು. ಹುಣಿಸೆ ನೀರು. ಬೇರೆ ಏನೂ ಅಲ್ಲ. ಅವರ ನಾಲಿಗೆಗೆ ಇದು ಮೊದಲ ಗುಟುಕಿಗೇ ಗೊತ್ತಾಗಿತ್ತು. ಹೇಳುವುದಕ್ಕೆ ಅವರೇ ಬಿಟ್ಟಿರಲಿಲ್ಲ. ಬಂಗಲೆಯಲ್ಲಿ ಗೋವಾದ್ದೇ ವಾಸಿ ಎಂದಿದ್ದೂ ಅದೇ ನಾಲಿಗೆ, ಅದನ್ನೂ ಕೇಳಿರಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಉಗ್ರಪ್ಪನವರು ವೈನು ಉಗಿದರು. ಅದು ಬೇಲಿಯವರೆಗೆ ಹೋಗದೆ ಅವರ ಎಡಗಾಲಿನ ಬೂಟಿನ ಮೇಲೆ ಬಿತ್ತು.

"ಬರ್ತೈತೆ ಬಿಡ್ರಿ ಸ್ವಾಮಿ," ಎಂದ ಕಾಟಯ್ಯ ಸಮಾಧಾನಕ್ಕೆ. "ಇನ್ನೊಂದೆಲ್ಡು ಸಲಕ್ಕೆ ದೂರ ಹೋಗ್ತೈತೆ."

ಉಳಿದದ್ದನ್ನು ಜಾಲಿಯ ಬುಡಕ್ಕೆ ಸುರಿದರು. ಉದ್ದ ಕೊರಳಿನ ಗಟ್ಟಿ ಬಾಟಲಿ, ಕುರಿಮರಿಗಳಿಗೆ ಔಷಧಿ ಕುಡಿಸುವುದಕ್ಕೆ ಬಿದಿರಿನ ಗೊಟ್ಟಕ್ಕಿಂತ ಚೆನ್ನಾಗಿದೆ ಎಂದು ಕಾಟಯ್ಯ ಅದನ್ನು ಇಟ್ಟುಕೊಂಡ. ಅದಕ್ಕೂ ಉಗ್ರಪ್ಪನವರಿಗೆ ಒಂದು ಕ್ಷಣ ಹೊಟ್ಟೆ ಉರಿಯಿತು.

ಸಂಜೆ ಮನೆಗೆ ಬಂದು ಪುಸ್ತಕ ಬಿಚ್ಚಿದರು. ನಲವತ್ತೊಂದನೆಯ ನಮೂದು. ಮಣ್ಣಿನ ನಮೂನೆ: ಕಲ್ಲು. ನೀರಿನ ಮೂಲ: ಮಳೆ. ಷರಾದಲ್ಲಿ ಕವಳೆ ಹಣ್ಣು, ಒಗರು, ತರುವಾಯ ಬಿಸಿಲಿಗೆ ಸತ್ತಿದೆ ಎಂದು ಒಂದಕ್ಷರ ಬಿಡದೆ ಬರೆದರು. ಖಾತೆದಾರ: ಉಗ್ರಪ್ಪ ಬಿನ್ ರಂಗಯ್ಯ. ಬಾಟಲಿ ಕೊನೆಗೆ ತಮ್ಮ ಕೈಗೇ ಬಂದಿತ್ತಲ್ಲ. ಅನುಭವದಾರನ ಕಾಲಂಗೆ ಬಂದಾಗ ಪೆನ್ನು ನಿಂತಿತು. ಕಳೆದ ಒಂದು ವರ್ಷದಿಂದ ಅವರ ಕೆಲಸವೆಂದರೆ ಊರೂರು ತಿರುಗಿ, ಉಳುವವನೇ ಹೊಲದೊಡೆಯ, ಅನುಭವದಲ್ಲಿ ಯಾರಿದ್ದಾರೋ ಅವರ ಹೆಸರನ್ನೇ ಬರೆಯಬೇಕು ಎಂದು ದೊಡ್ಡ ದೊಡ್ಡ ಖಾತೆದಾರರಿಗೆ ಕಾಯಿದೆ ಹೇಳುವುದು. ಆಗ ಆ ಗೌಡರ ಮುಖಗಳು ಹೇಗಾಗುತ್ತಿದ್ದವು ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಎದುರಿನ ಗೋಡೆಯ ಕನ್ನಡಿಯಲ್ಲಿ ಈಗ ಅಂಥದೇ ಒಂದು ಮುಖ ಕಾಣುತ್ತಿತ್ತು.

ಬೀರುವಿನ ಖಾಲಿ ಅಂಕಣಕ್ಕೆ ಪಾರ್ವತಮ್ಮ ಉಪ್ಪಿನಕಾಯಿ ಜಾಡಿಯನ್ನು ಎತ್ತಿಡುತ್ತಿದ್ದರು. ಉಗ್ರಪ್ಪನವರು ಮುಚ್ಚಳ ಹಾಕಿ ಪೆನ್ನನ್ನು ಪಕ್ಕಕ್ಕಿಟ್ಟರು. ಜೇಬಿನಿಂದ, ಹಿಂಬದಿ ಕೆಂಪಾಗಿದ್ದ ಆ ಪೆನ್ಸಿಲ್ಲನ್ನು ತೆಗೆದು, ಬೇಕಾದರೆ ಅಳಿಸಲು ಬರುವ ಹಾಗೆ ತೆಳ್ಳಗೆ ಬರೆದರು:

'ಅನುಭವದಾರ: ಕಾಟಯ್ಯ ಬಿನ್ ಎತ್ತಪ್ಪ.'